ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ: ಹೋಗೋಕೆ ಮುಂಚೆ ಎಲ್ರೂ ಕೇಳೋ ಪ್ರಶ್ನೆಗಳು

ರಜೆ ಬಂತು ಅಂದ್ರೆ ದೆಹಲಿ, ಆಗ್ರಾ ಟೂರ್ ಹೊರಡೋ ನೆಂಟರು, ಫ್ರೆಂಡ್ಸು ಎಲ್ಲಾ ನನಗೆ ಫೋನ್ ಮಾಡಿ ಕೇಳೋ ಪ್ರಶ್ನೆಗಳು ಹೆಚ್ಚೂ ಕಮ್ಮಿ ಇವೇ. ನಮ್ಮ ದೊಡ್ಡಪ್ಪ ಬೆಂಗಳೂರಿನ ಎಂಇಜಿಯಲ್ಲಿ, ಅಂದ್ರೆ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಲ್ಲಿ ಇದ್ದವರು, ಅವರನ್ನ ಕರ್ಕೊಂಡು ಹೋದಾಗ ಮೊದಲ ಸಲ ನಾನು ಆ ಜಾಗವನ್ನ ಸರಿಯಾಗಿ ನೋಡಿದ್ದು, ಆಮೇಲೆ ಇನ್ನೂ ಎರಡು ಸಲ ಹೋಗಿ ಬಂದೆ. ಪ್ರತಿ ಸಲ ಫೋನಲ್ಲಿ ಹೇಳೋದ್ರಲ್ಲಿ ಅರ್ಧ ಬಿಟ್ಟೋಗುತ್ತೆ, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ.

ಯುದ್ಧ ಸ್ಮಾರಕ ಅಂದ್ರೆ ಇಂಡಿಯಾ ಗೇಟೇ ಅಲ್ವಾ?

ಅಲ್ಲ, ಎರಡೂ ಬೇರೆ ಬೇರೆ. ಇಂಡಿಯಾ ಗೇಟ್ ಬ್ರಿಟಿಷರು ಕಟ್ಟಿಸಿದ್ದು, ರಾಷ್ಟ್ರೀಯ ಯುದ್ಧ ಸ್ಮಾರಕ 2019ರಲ್ಲಿ ಓಪನ್ ಆಗಿದ್ದು. ಪಕ್ಕಪಕ್ಕದಲ್ಲೇ ಇವೆ, ಒಂದರಿಂದ ಇನ್ನೊಂದಕ್ಕೆ ಸುಮಾರು 400 ಮೀಟರ್. ಆದ್ರೂ ಎಷ್ಟೋ ಜನ ಗೇಟ್ ಮುಂದೆ ಫೋಟೋ ತೆಗೆಸ್ಕೊಂಡು, ಐಸ್‌ಕ್ರೀಂ ತಿಂದು, ಹಿಂದೆ ಇನ್ನೊಂದಿದೆ ಅಂತ ಗೊತ್ತೇ ಆಗ್ದೆ ವಾಪಸ್ ಬಸ್ ಹತ್ತಿಬಿಡ್ತಾರೆ. ನಮ್ಮ ಮನೆಯವರೇ ಒಂದ್ಸಲ ಹಾಗೆ ಮಾಡಿದ್ರು.

ಹಾಗಾದ್ರೆ ಇಂಡಿಯಾ ಗೇಟ್ ಮೇಲೆ ಇರೋ ಹೆಸರುಗಳು ಯಾರದ್ದು?

ಮೊದಲನೇ ಮಹಾಯುದ್ಧದಲ್ಲಿ ಮತ್ತೆ ಅದರ ಬೆನ್ನಲ್ಲೇ 1919ರಲ್ಲಿ ನಡೆದ ಮೂರನೇ ಆಫ್ಘನ್ ಯುದ್ಧದಲ್ಲಿ ಸತ್ತವರದ್ದು. ಅದರ ಮೂಲ ಹೆಸರೇ ಆಲ್ ಇಂಡಿಯಾ ವಾರ್ ಮೆಮೋರಿಯಲ್. ಎಡ್ವಿನ್ ಲಟ್ಯೆನ್ಸ್ ಡಿಸೈನ್ ಮಾಡಿದ್ದು, ಲಂಡನ್ನಿನ ಯುದ್ಧ ಸ್ಮಾರಕ ಸೆನೊಟಾಫ್ ಮಾಡಿದವರೂ ಅವರೇ. 1921ರ ಫೆಬ್ರವರಿಯಲ್ಲಿ ಡ್ಯೂಕ್ ಆಫ್ ಕನಾಟ್ ಅಡಿಗಲ್ಲು ಹಾಕಿದ್ರು, ಹತ್ತು ವರ್ಷ ಆದ್ಮೇಲೆ 1931ರ ಫೆಬ್ರವರಿಯಲ್ಲಿ ವೈಸ್‌ರಾಯ್ ಲಾರ್ಡ್ ಇರ್ವಿನ್ ಉದ್ಘಾಟನೆ ಮಾಡಿದ್ರು. ಎತ್ತರ 42 ಮೀಟರ್. ಗೋಡೆ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರು ಕೆತ್ತಿದಾರೆ, ಅದರಲ್ಲಿ 1917ರಲ್ಲಿ ಸತ್ತ ಒಬ್ಬ ನರ್ಸ್ ಹೆಸರೂ ಇದೆ. ಫ್ರಾನ್ಸು, ಮೆಸೊಪೊಟೇಮಿಯಾ, ಪೂರ್ವ ಆಫ್ರಿಕಾ, ಗಲಿಪೊಲಿ ಅಂತ ಹಡಗು ಹತ್ತಿ ಹೋಗಿ ಅಲ್ಲೇ ಮಣ್ಣಾದ ಸಾವಿರಾರು ಜನರನ್ನ ಆ ಕಮಾನಿನ ಮೇಲಿನ ಬರಹ ಒಟ್ಟಾಗಿ ನೆನೆಯುತ್ತೆ, ಆದ್ರೆ ಅವರೆಲ್ಲರ ಹೆಸರೂ ಇಲ್ಲಿಲ್ಲ.

ಕಟ್ಟಿಸಿದ್ದು ಬ್ರಿಟಿಷರು ಅಂತ ಅದನ್ನ ಹಗುರವಾಗಿ ನೋಡೋರಿದಾರೆ, ನನಗೆ ಅದು ಸರಿ ಅನ್ಸಲ್ಲ, ಸತ್ತವರು ನಮ್ಮೂರುಗಳ ಹುಡುಗರೇ. ಅವರು ಹೋರಾಡಿದ್ದು ಯಾರ ಸಾಮ್ರಾಜ್ಯಕ್ಕೆ ಅನ್ನೋದು ಬೇರೆ ಮಾತು, ಅವರ ತಾಯಂದಿರು ಅತ್ತಿದ್ದು ಇಲ್ಲೇ ತಾನೇ.

ಅಮರ್ ಜವಾನ್ ಜ್ಯೋತಿ ಇದ್ದಿದ್ದು ಇಂಡಿಯಾ ಗೇಟ್ ಕೆಳಗೆ ಅಲ್ವಾ? ಈಗ ಎಲ್ಲಿದೆ?

ಹೌದು, ಅಲ್ಲೇ ಇತ್ತು. 1971ರ ಯುದ್ಧ ಮುಗಿದ ಕೂಡ್ಲೇ ಅವಸರದಲ್ಲಿ ಕಟ್ಟಿ, 1972ರ ಜನವರಿ 26ಕ್ಕೆ ಇಂದಿರಾ ಗಾಂಧಿಯವರು ಉದ್ಘಾಟನೆ ಮಾಡಿದ್ದು. ತಲೆಕೆಳಗಾಗಿ ನಿಲ್ಲಿಸಿದ ರೈಫಲ್ಲು, ಅದರ ಮೇಲೆ ಒಂದು ಹೆಲ್ಮೆಟ್ಟು, ಸುತ್ತ ನಾಲ್ಕು ಮೂಲೆಯಲ್ಲಿ ದೀಪದ ಪಾತ್ರೆಗಳು. ಒಂದು ದೀಪ ವರ್ಷವಿಡೀ ಉರೀತಿತ್ತು, ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ನಾಲ್ಕೂ ಹಚ್ತಿದ್ರು. ಬಹಳ ವರ್ಷ ಎಲ್‌ಪಿಜಿ ಸಿಲಿಂಡರಲ್ಲೇ ಉರಿದಿದ್ದು, 2006ರಲ್ಲಿ ಪೈಪ್ ಗ್ಯಾಸ್ ಬಂತು.

2022ರ ಜನವರಿ 21ಕ್ಕೆ ಆ ಜ್ಯೋತಿಯನ್ನ ಮೆರವಣಿಗೆಯಲ್ಲಿ ತಗೊಂಡು ಹೋಗಿ ಹೊಸ ಸ್ಮಾರಕದ ಜ್ಯೋತಿ ಜೊತೆ ಸೇರಿಸಿದ್ರು. ಆಗ ದೊಡ್ಡ ಚರ್ಚೆನೇ ಆಯ್ತು, ಐವತ್ತು ವರ್ಷ ಉರಿದ ದೀಪ ಆರಿಸಬೇಡಿ ಅಂತ ಕೆಲವು ನಿವೃತ್ತ ಸೈನಿಕರು ಬೇಜಾರು ಮಾಡ್ಕೊಂಡ್ರು, ಎರಡು ಜ್ಯೋತಿ ಯಾಕೆ, ಹೆಸರುಗಳು ಇರೋ ಕಡೆನೇ ಜ್ಯೋತಿ ಇರಲಿ ಅಂತ ಇನ್ನು ಕೆಲವರು ಒಪ್ಪಿದ್ರು. ದೊಡ್ಡಪ್ಪಂಗೆ ಆವತ್ತು ಟಿವಿಯಲ್ಲಿ ನೋಡಿ ಸಂಕಟ ಆಗಿತ್ತು, ಯಾಕಂದ್ರೆ ಅವರ ಕಾಲದವರಿಗೆ ಇಂಡಿಯಾ ಗೇಟ್ ಅಂದ್ರೆ ಆ ರೈಫಲ್ಲು ಹೆಲ್ಮೆಟ್ಟೇ. ಎರಡೂ ಕಡೆಯವರ ಮಾತಲ್ಲೂ ನೋವಿತ್ತು, ಯಾರನ್ನೂ ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ. ಆದ್ರೆ ಒಂದು ವಿಷಯ ಮಾತ್ರ ನಿಜ, 1971ರಲ್ಲಿ ಸತ್ತ ಒಬ್ಬನ ಹೆಸರೂ ಇಂಡಿಯಾ ಗೇಟ್ ಮೇಲೆ ಇರಲಿಲ್ಲ.

ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಆದ್ಮೇಲೆ ಕಟ್ಟಿದ್ರಾ? ಯಾಕಿಷ್ಟು ತಡ?

ಬೇಕು ಅನ್ನೋ ಮಾತು 1960ರಿಂದಲೂ ಇತ್ತು. ಒಂದೊಂದು ರೆಜಿಮೆಂಟಿಗೂ ಅವರವರ ಸೆಂಟರಲ್ಲಿ ಸ್ಮಾರಕ ಇತ್ತು, ದೇಶಕ್ಕೆಲ್ಲಾ ಸೇರಿ ಒಂದು ಇರಲಿಲ್ಲ. ಜಾಗದ ವಿಷಯದಲ್ಲೇ ಎಷ್ಟೋ ವರ್ಷ ಹೋಯ್ತು, ಇಂಡಿಯಾ ಗೇಟ್ ಪಕ್ಕ ಏನಾದ್ರೂ ಕಟ್ಟಿದ್ರೆ ಆ ಹಳೇ ನೋಟ ಕೆಡುತ್ತೆ ಅನ್ನೋ ಆಕ್ಷೇಪ ಬರ್ತಾನೇ ಇತ್ತು. ಕೊನೆಗೆ 2015ರ ಅಕ್ಟೋಬರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಡ್ತು, 2019ರ ಫೆಬ್ರವರಿ 25ಕ್ಕೆ ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ್ರು. ಸುಮಾರು 40 ಎಕರೆ ಜಾಗ, ಖರ್ಚು 176 ಕೋಟಿ ರೂಪಾಯಿ. 2020ರಿಂದ ಗಣರಾಜ್ಯೋತ್ಸವದ ದಿನ ಪ್ರಧಾನಿ ಹೂಗುಚ್ಛ ಇಡೋದು ಇಲ್ಲೇ, ಅದಕ್ಕೆ ಮುಂಚೆ ಇಂಡಿಯಾ ಗೇಟ್ ಕೆಳಗೆ ಇಡ್ತಿದ್ರು.

ಲೆಕ್ಕ ಹಾಕಿ ನೋಡಿ, 1947ರ ಅಕ್ಟೋಬರಲ್ಲಿ ಕಾಶ್ಮೀರದಲ್ಲಿ ಯುದ್ಧ ಶುರುವಾಯ್ತು. ಆಗ ಗಂಡನನ್ನ ಕಳ್ಕೊಂಡ ಒಬ್ಬಳು ಇಪ್ಪತ್ತು ವರ್ಷದ ಹುಡುಗಿ, ರಾಜಧಾನಿಯಲ್ಲಿ ಅವನ ಹೆಸರು ನೋಡ್ಬೇಕು ಅಂದ್ರೆ ತೊಂಬತ್ತು ದಾಟೋವರೆಗೂ ಕಾಯ್ಬೇಕಿತ್ತು. ಈ ತಡಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಡಿಸೈನ್ ಮಾಡಿದ್ದು ಯಾರು?

ಚೆನ್ನೈನ ವಿಬಿ ಡಿಸೈನ್ ಲ್ಯಾಬ್ ಅನ್ನೋ ಸಂಸ್ಥೆ, ಮುಖ್ಯ ವಾಸ್ತುಶಿಲ್ಪಿ ಯೋಗೇಶ್ ಚಂದ್ರಹಾಸನ್. ಜಾಗತಿಕ ಮಟ್ಟದ ಸ್ಪರ್ಧೆ ಕರೆದಿದ್ರು, ನಾನೂರಕ್ಕೂ ಹೆಚ್ಚು ಎಂಟ್ರಿ ಬಂದಿದ್ವು, 2017ರ ಏಪ್ರಿಲಲ್ಲಿ ಇವರದ್ದು ಗೆದ್ದಿದೆ ಅಂತ ಅನೌನ್ಸ್ ಆಯ್ತು. ಇದು ಬರೀ ಅಳೋ ಜಾಗ ಆಗಬಾರದು, ಅವರು ಬದುಕಿದ್ದ ರೀತಿಗೆ ಗೌರವ ಕೊಡೋ ಜಾಗ ಆಗ್ಬೇಕು ಅನ್ನೋದು ಅವರ ಯೋಚನೆ.

ದೂರದಿಂದ ನೋಡಿದ್ರೆ ಏನೂ ಕಾಣ್ಸಲ್ವಲ್ಲ, ಇದೇನಾ ಸ್ಮಾರಕ ಅನ್ಸುತ್ತೆ?

ಅದು ಬೇಕಂತಲೇ ಮಾಡಿರೋದು. ರಾಷ್ಟ್ರಪತಿ ಭವನದಿಂದ ಇಂಡಿಯಾ ಗೇಟ್ ದಾಟಿ ನೇರ ನೋಟ ಇದೆಯಲ್ಲ, ಅದಕ್ಕೆ ಅಡ್ಡ ಬರಬಾರದು ಅಂತ ಹೆಚ್ಚಿನ ಭಾಗವನ್ನ ನೆಲಮಟ್ಟಕ್ಕಿಂತ ಕೆಳಗೆ ಇಳಿಸಿದಾರೆ. ಮಧ್ಯದ ಸ್ತಂಭ 15.5 ಮೀಟರ್ ಅಷ್ಟೇ, ಇಂಡಿಯಾ ಗೇಟಿನ ಅರ್ಧಕ್ಕಿಂತಲೂ ಕಮ್ಮಿ. ಇನ್ನೂ ದೊಡ್ಡದಾಗಿ ಕಟ್ಬೇಕಿತ್ತು ಅಂತ ತುಂಬ ಜನ ಹೇಳ್ತಾರೆ, ನಾನಂತೂ ಒಪ್ಪಲ್ಲ. ಎತ್ತರ ಇದ್ರೆ ತಲೆ ಎತ್ತಿ ನೋಡಿ ಫೋಟೋ ಹೊಡ್ಕೊಂಡು ಹೋಗ್ತೀವಿ, ಇಲ್ಲಿ ಇಳಿದು ಒಳಗೆ ಹೋಗ್ಬೇಕು, ಹೋದ್ರೆ ಗೋಡೆ ನಮ್ಮ ಮುಖದ ಮಟ್ಟಕ್ಕೆ ಸಿಗುತ್ತೆ, ಹೆಸರು ಓದೋಕೆ ಅದೇ ಸರಿಯಾದ ಎತ್ತರ.

ಚಕ್ರವ್ಯೂಹ ಅಂತಾರಲ್ಲ, ಹೇಗಿದೆ ಅದು?

ಒಂದರೊಳಗೊಂದು ನಾಲ್ಕು ವೃತ್ತ. ಹೊರಗಿಂದ ಒಳಕ್ಕೆ ಹೇಳ್ತೀನಿ, ಯಾಕಂದ್ರೆ ನಾವು ನಡೆಯೋದು ಹಾಗೇನೇ.

ಎಲ್ಲಕ್ಕಿಂತ ಹೊರಗಿರೋದು ರಕ್ಷಕ ಚಕ್ರ. ಇಲ್ಲಿ ಗೋಡೆ ಇಲ್ಲ, ಮರಗಳ ಸಾಲು, 600ಕ್ಕೂ ಹೆಚ್ಚು ಮರ. ಗಡಿಯಲ್ಲಿ ಹಗಲೂ ರಾತ್ರಿ ನಿಂತಿರೋ ಸೈನಿಕರ ಥರ ಈ ಮರಗಳು ಅನ್ನೋ ಕಲ್ಪನೆ. ಮರ ಬೆಳೀತಾ ಬೆಳೀತಾ ಸ್ಮಾರಕ ವರ್ಷದಿಂದ ವರ್ಷಕ್ಕೆ ಬೇರೆ ಥರ ಕಾಣುತ್ತೆ, ನಾನು ಮೊದಲ ಸಲ ಹೋದಾಗ ಇದ್ದ ನೆರಳಿಗೂ ಮೂರನೇ ಸಲದ ನೆರಳಿಗೂ ತುಂಬ ವ್ಯತ್ಯಾಸ ಇತ್ತು.

ಅದರ ಒಳಗೆ ತ್ಯಾಗ ಚಕ್ರ. ನನ್ನ ಮಟ್ಟಿಗೆ ಇಡೀ ಸ್ಮಾರಕ ಅಂದ್ರೆ ಇದೇ. ಗ್ರಾನೈಟ್ ಗೋಡೆಗಳು ವೃತ್ತಾಕಾರದಲ್ಲಿ ಸುತ್ತಿಕೊಂಡಿವೆ, ಆ ಗೋಡೆಯನ್ನ ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಫಲಕ ಅಂತ ಜೋಡಿಸಿದಾರೆ, ಇಟ್ಟಿಗೆ ಜೋಡಿಸ್ತೀವಲ್ಲ ಹಾಗೆ. ಜನರಲ್ ಹುದ್ದೆಯವರಿಂದ ಜವಾನನವರೆಗೆ ಎಲ್ರಿಗೂ ಅದೇ ಥರದ ಕಲ್ಲು, ಅದೇ ಬಂಗಾರದ ಬಣ್ಣದ ಅಕ್ಷರ. ಉದ್ಘಾಟನೆ ದಿನ ಇದ್ದ ಹೆಸರುಗಳು 25,942. ಈ ಸಂಖ್ಯೆಯನ್ನ ಪೇಪರಲ್ಲಿ ಓದೋದು ಒಂದು, ಅಷ್ಟೂ ಕಲ್ಲುಗಳ ಪಕ್ಕ ನಡೆಯೋದು ಇನ್ನೊಂದು. ಹತ್ತು ನಿಮಿಷ ನಡೆದ ಮೇಲೂ ಗೋಡೆ ಮುಗಿಯಲ್ಲ, ತಿರುವು ದಾಟಿದ್ರೆ ಮತ್ತೆ ಗೋಡೆ, ಅಷ್ಟೊತ್ತಿಗೆ ಮಾತಾಡ್ತಾ ಬಂದವರೂ ತಾವಾಗೇ ಸುಮ್ಮನಾಗಿರ್ತಾರೆ.

ಇನ್ನೂ ಒಳಗೆ ವೀರತಾ ಚಕ್ರ, ಮೇಲ್ಛಾವಣಿ ಇರೋ ಗ್ಯಾಲರಿ, ಅದರಲ್ಲಿ ಆರು ಕಂಚಿನ ಉಬ್ಬುಶಿಲ್ಪ. ನಟ್ಟನಡುವೆ ಅಮರ ಚಕ್ರ, ಅಲ್ಲಿ ಸ್ತಂಭ ಮತ್ತೆ ಆರದ ಜ್ಯೋತಿ.

ಚಕ್ರವ್ಯೂಹ ಅಂದ ಕೂಡ್ಲೇ ನಮಗೆ ನೆನಪಾಗೋದು ಅಭಿಮನ್ಯು, ಒಳಗೆ ಹೋಗೋದು ಗೊತ್ತಿತ್ತು, ಹೊರಗೆ ಬರೋದು ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಯಲಾಟದಲ್ಲಿ ಆ ಭಾಗ ಬಂದಾಗ ಅಜ್ಜಿ ಸೆರಗಲ್ಲಿ ಕಣ್ಣು ಒರೆಸ್ಕೋತಿದ್ರು. ಈ ಗೋಡೆ ಮೇಲೆ ಇರೋರೂ ಒಳಗೆ ಹೋಗಿ ವಾಪಸ್ ಬರದೇ ಇದ್ದವರೇ, ಎಷ್ಟೋ ಜನರ ವಯಸ್ಸೂ ಹೆಚ್ಚೂ ಕಮ್ಮಿ ಅಭಿಮನ್ಯುವಿನ ವಯಸ್ಸೇ. ವಾಸ್ತುಶಿಲ್ಪಿಗಳು ಇದನ್ನ ಯೋಚಿಸಿ ಮಾಡಿದ್ರೋ ಇಲ್ವೋ, ಅಲ್ಲಿ ನಡೀವಾಗ ನನಗೆ ಅನ್ಸಿದ್ದು ಇದು.

ಆ ಆರು ಉಬ್ಬುಶಿಲ್ಪಗಳಲ್ಲಿ ಏನೇನಿದೆ? ಗೈಡ್ ಇಲ್ದೆ ಅರ್ಥ ಆಗುತ್ತಾ?

ಸ್ವಲ್ಪ ಓದ್ಕೊಂಡು ಹೋದ್ರೆ ಚೆನ್ನಾಗಿ ಅರ್ಥ ಆಗುತ್ತೆ. ಮಾಡಿದ್ದು ರಾಮ್ ಸುತಾರ್, ಗುಜರಾತಿನ ಪಟೇಲರ ಪ್ರತಿಮೆ ಡಿಸೈನ್ ಮಾಡಿದವರು. ಮೂರು ದೃಶ್ಯ 1971ರವು: ಈಗಿನ ಬಾಂಗ್ಲಾದೇಶದ ಗಂಗಾಸಾಗರ, ರಾಜಸ್ಥಾನದ ಲೋಂಗೇವಾಲಾ, ಮತ್ತೆ ಕರಾಚಿ ಬಂದರಿನ ಮೇಲೆ ನೌಕಾಪಡೆ ನಡೆಸಿದ ಆಪರೇಷನ್ ಟ್ರೈಡೆಂಟ್. ಗಂಗಾಸಾಗರದಲ್ಲಿ ಪರಮವೀರ ಚಕ್ರ ಪಡೆದಿದ್ದು ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ. ಲೋಂಗೇವಾಲಾದಲ್ಲಿ ಮರುಭೂಮಿ ಠಾಣೆಯಲ್ಲಿ ಸುಮಾರು 120 ಜನ ರಾತ್ರಿಯಿಡೀ ಟ್ಯಾಂಕುಗಳನ್ನ ತಡೆದು ನಿಂತಿದ್ದು, ಬೆಳಗಾದ ಮೇಲೆ ವಾಯುಪಡೆ ವಿಮಾನಗಳು ಬಂದ್ವು. ಕರಾಚಿ ದಾಳಿ ನಡೆದ ಡಿಸೆಂಬರ್ 4ನ್ನೇ ನಾವು ನೌಕಾಪಡೆ ದಿನ ಅಂತ ಆಚರಿಸೋದು. ಇನ್ನೊಂದು 1948ರಲ್ಲಿ ಕಾಶ್ಮೀರದ ತಿಥ್ವಾಲ್, ಅಲ್ಲಿ ಪರಮವೀರ ಚಕ್ರ ಪಡೆದಿದ್ದು ಲ್ಯಾನ್ಸ್ ನಾಯಕ್ ಕರಮ್ ಸಿಂಗ್.

ರೆಝಾಂಗ್ ಲಾ ಮುಂದೆ ಮಾತ್ರ ಅವಸರ ಮಾಡ್ಬೇಡಿ. 1962ರ ನವೆಂಬರ್ 18, ಚೀನಾ ಜೊತೆ ಯುದ್ಧ, ಲಡಾಖಿನ ಕೊರೆಯೋ ಚಳಿ, 13 ಕುಮಾವೂನ್ ಬೆಟಾಲಿಯನ್ನಿನ ಚಾರ್ಲಿ ಕಂಪನಿ, ಮೇಜರ್ ಶೈತಾನ್ ಸಿಂಗ್. ಸುಮಾರು 120 ಜನರಲ್ಲಿ ನೂರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಯುದ್ಧ ಮುಗಿದು ತಿಂಗಳುಗಟ್ಟಲೆ ಆದ್ಮೇಲೆ ದೇಹಗಳು ಸಿಕ್ಕಿದ್ದು, ಎಷ್ಟೋ ಜನ ಕೈಯಲ್ಲಿ ಆಯುಧ ಹಿಡಿದಂಗೇ ಹೆಪ್ಪುಗಟ್ಟಿದ್ರು.

ಆರನೇದು ಆಪರೇಷನ್ ಮೇಘದೂತ್, 1984ರಲ್ಲಿ ಸಿಯಾಚಿನ್ ಹಿಡಿದಿದ್ದು. ಅದರ ಮುಂದೆ ನಿಂತಾಗ ನಮ್ಮ ಕಡೆಯವರಿಗೆ ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಾಗದೇ ಇರಲ್ಲ. 2016ರ ಫೆಬ್ರವರಿ 3ಕ್ಕೆ ಹಿಮಪಾತ ಆಯ್ತು, ಆರು ದಿನ ಆದ್ಮೇಲೆ ಹಿಮದಡಿಯಿಂದ ಜೀವಂತ ತೆಗೆದ್ರು, ಇಡೀ ಕರ್ನಾಟಕ ದೇವರಿಗೆ ಹರಕೆ ಹೊತ್ತುಕೊಂಡು ಕೂತಿತ್ತು, ಫೆಬ್ರವರಿ 11ಕ್ಕೆ ಹೋಗ್ಬಿಟ್ರು. ಆ ವಾರ ನಮ್ಮನೇಲಿ ಟಿವಿ ಆಫ್ ಮಾಡಿರಲೇ ಇಲ್ಲ.

ಯಾವ ಯಾವ ಯುದ್ಧದವರ ಹೆಸರು ಇದೆ?

ಸ್ವಾತಂತ್ರ್ಯ ಬಂದ ಮೇಲಿನವರದ್ದು. 1947-48ರ ಕಾಶ್ಮೀರ, 1961ರ ಗೋವಾ, 1962, 1965, 1971, ಸಿಯಾಚಿನ್, ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆ, 1999ರ ಕಾರ್ಗಿಲ್, ಜೊತೆಗೆ ವಿಶ್ವಸಂಸ್ಥೆ ಕೆಲಸಕ್ಕೆ ಹೋದವರು, ಒಳನಾಡಿನ ಕಾರ್ಯಾಚರಣೆಗಳಲ್ಲಿ ಸತ್ತವರು. ಪಟ್ಟಿ ಮುಗಿದಿಲ್ಲ, 2020ರ ಗಲ್ವಾನಲ್ಲಿ ಸತ್ತ 20 ಜನರ ಹೆಸರೂ ಆಮೇಲೆ ಸೇರಿದೆ. ಮಹಾಯುದ್ಧಗಳಲ್ಲಿ ಬ್ರಿಟಿಷ್ ಇಂಡಿಯಾ ಸೇನೆಯಲ್ಲಿ ಸತ್ತವರು ಇಲ್ಲಿಲ್ಲ.

ಪರಮ ಯೋಧ ಸ್ಥಳ ಅಂದ್ರೇನು? ಅಲ್ಲಿ ಕನ್ನಡದವರು ಇದಾರಾ?

ಪರಮವೀರ ಚಕ್ರ ಪಡೆದ 21 ಜನರ ಕಂಚಿನ ಪ್ರತಿಮೆಗಳಿರೋ ಉದ್ಯಾನ, ಸ್ಮಾರಕದ ಪಕ್ಕದಲ್ಲೇ. ಮೊದಲನೆಯವರು 1947ರ ನವೆಂಬರಲ್ಲಿ ಬಡಗಾಂನಲ್ಲಿ ಹೋರಾಡಿದ ಮೇಜರ್ ಸೋಮನಾಥ್ ಶರ್ಮಾ. 21ರಲ್ಲಿ 14 ಜನಕ್ಕೆ ಮರಣೋತ್ತರವಾಗಿ ಸಿಕ್ಕಿದ್ದು. ನಮ್ಮ ರಾಜ್ಯದವರು ಒಬ್ಬರಿದಾರೆ, ಕಾರವಾರ ಕಡೆಯ ರಾಮ ರಾಘೋಬ ರಾಣೆ. ಜೊತೆಗೆ 1961ರಲ್ಲಿ ಕಾಂಗೋದಲ್ಲಿ ವಿಶ್ವಸಂಸ್ಥೆ ಪಡೆಯಲ್ಲಿದ್ದಾಗ ಸತ್ತ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಹುಡುಗನಾಗಿದ್ದಾಗ ಸ್ವಲ್ಪ ಕಾಲ ಓದಿದ್ದು ಬೆಂಗಳೂರಿನ ಮಿಲಿಟರಿ ಶಾಲೆಯಲ್ಲಿ.

ನಮ್ಮವರು ಅಂತ ಇನ್ನೂ ಹುಡುಕ್ತೀರಾದ್ರೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಕಥೆ ತಿಳ್ಕೊಂಡು ಹೋಗಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲೇ ಅದಕ್ಕಿಂತ ತುಂಬ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನ ಹೊಡೆದು ಬೀಳಿಸಿದ್ರು ಅನ್ನೋದು ಹೊರಗೆ ಬಂದಿದ್ದೇ ಎಷ್ಟೋ ವರ್ಷ ಆದ್ಮೇಲೆ, ಮಹಾವೀರ ಚಕ್ರ ಕೊಟ್ಟಿದ್ದು 1988ರಲ್ಲಿ, ಅಂದ್ರೆ 23 ವರ್ಷ ಕಳೆದ ಮೇಲೆ.

ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇಲ್ಲೇ ಇದೆಯಾ?

ಇಲ್ಲ, ಅದು ತೀನ್ ಮೂರ್ತಿ ಹೈಫಾ ಚೌಕದಲ್ಲಿ. ಮೂರು ಕಂಚಿನ ಮೂರ್ತಿ, ಮೈಸೂರು, ಜೋಧ್‌ಪುರ, ಹೈದರಾಬಾದ್ ಲ್ಯಾನ್ಸರ್‌ಗಳ, ಅಂದ್ರೆ ಕುದುರೆ ಸೈನಿಕರ ನೆನಪಿಗೆ, 1922ರಲ್ಲಿ ನಿಲ್ಲಿಸಿದ್ದು. 1918ರ ಸೆಪ್ಟೆಂಬರ್ 23ರಂದು ಕುದುರೆ ಮೇಲೆ ನುಗ್ಗಿ ಈಗಿನ ಇಸ್ರೇಲಿನ ಹೈಫಾ ಊರನ್ನ ಗೆದ್ದಿದ್ದು ಮೈಸೂರು ಮತ್ತೆ ಜೋಧ್‌ಪುರದವರು. ಆಟೋದಲ್ಲಿ ಹೋಗ್ತಾ ಕಿಟಕಿಯಲ್ಲಿ ನೋಡಿ ಬಿಡಬೇಡಿ, ಇಳಿದು ನೋಡಿ.

ಇಂಡಿಯಾ ಗೇಟ್ ಹಿಂದಿನ ಮಂಟಪದಲ್ಲಿರೋ ನೇತಾಜಿ ಪ್ರತಿಮೆ ಮೈಸೂರಿನವರು ಮಾಡಿದ್ದಂತೆ, ನಿಜಾನಾ?

ನಿಜ. ಮೈಸೂರಿನ ಅರುಣ್ ಯೋಗಿರಾಜ್. 28 ಅಡಿ ಎತ್ತರ, ಕಪ್ಪು ಗ್ರಾನೈಟಿನ ಏಕಶಿಲೆ, 2022ರ ಸೆಪ್ಟೆಂಬರ್ 8ಕ್ಕೆ ಅನಾವರಣ. ಆ ಮಂಟಪದಲ್ಲಿ ಮೊದಲು ಐದನೇ ಜಾರ್ಜ್ ದೊರೆ ಪ್ರತಿಮೆ ಇತ್ತು, 1968ರಲ್ಲಿ ತೆಗೆದು ಆಮೇಲೆ ಕಾರೋನೇಷನ್ ಪಾರ್ಕಿಗೆ ಸಾಗಿಸಿದ್ರು, ಅಲ್ಲಿಂದ ಐವತ್ತಕ್ಕೂ ಹೆಚ್ಚು ವರ್ಷ ಮಂಟಪ ಖಾಲಿನೇ ಇತ್ತು.

ನಮ್ಮಲ್ಲಿ ವೀರಗಲ್ಲು ಇದೆಯಲ್ಲ, ಇದೂ ಅದೇ ಥರನಾ?

ಈ ಪ್ರಶ್ನೆ ಕೇಳಿದ್ದು ನನ್ನ ತಂಗಿ ಮಗಳು, ಆರನೇ ಕ್ಲಾಸು. ತುಂಬ ಒಳ್ಳೇ ಪ್ರಶ್ನೆ. ನಮ್ಮ ಊರುಗಳಲ್ಲಿ ಕೆರೆ ಏರಿ ಪಕ್ಕ, ದೇವಸ್ಥಾನದ ಹಿಂದೆ ನಿಂತಿರೋ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನ ಕರ್ಕೊಂಡು ಹೋಗೋದು, ಮೇಲೆ ಅವನು ಲಿಂಗದ ಮುಂದೆ ಕೂತಿರೋದು. ದೆಹಲಿ ಸ್ಮಾರಕದಲ್ಲೂ ಹೊರಗಿಂದ ಒಳಕ್ಕೆ ತ್ಯಾಗ, ವೀರತೆ, ಅಮರತ್ವ ಅಂತ ಸಾಗುತ್ತೆ, ವೀರಗಲ್ಲಲ್ಲಿ ಕೆಳಗಿಂದ ಮೇಲಕ್ಕೆ ಓದೋದನ್ನ ಇಲ್ಲಿ ನಡೆದು ಓದ್ತೀವಿ. ರಾಜರಿಗಷ್ಟೇ ಅಲ್ಲ, ದನ ಕಾಯೋಕೆ ಹೋಗಿ ಕಳ್ಳರ ಜೊತೆ ಹೊಡೆದಾಡಿ ಸತ್ತವನಿಗೂ ನಮ್ಮಲ್ಲಿ ಕಲ್ಲು ನಿಲ್ಲಿಸ್ತಿದ್ರು. ಬೆಂಗಳೂರು ಅನ್ನೋ ಹೆಸರು ಸಿಗೋ ತುಂಬ ಹಳೇ ಬರಹ ಬೇಗೂರಿನ ಒಂದು ವೀರಗಲ್ಲೇ, ಸುಮಾರು ಕ್ರಿ.ಶ. 890ರದ್ದು. ಆತಕೂರಿನ ಕಲ್ಲಲ್ಲಂತೂ ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಯ ನೆನಪಿದೆ. ಒಬ್ಬೊಬ್ಬರಿಗೂ ಒಂದೊಂದು ಕಲ್ಲು ಅನ್ನೋದು ನಮಗೆ ಹೊಸದಲ್ಲ.

ಬೆಂಗಳೂರಲ್ಲಿ ನೆಹರು ತಾರಾಲಯದ ಹತ್ತಿರದ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ದೊಡ್ಡ ಏಕಶಿಲೆಯನ್ನ ವೀರಗಲ್ಲು ಅಂತಲೇ ಕರೀತಾರೆ. ದೆಹಲಿಗೆ ಹೋಗೋಕೆ ಆಗದವರು ಮೊದಲು ಅದನ್ನಾದ್ರೂ ನೋಡಿ.

ಟಿಕೆಟ್, ಟೈಮಿಂಗ್, ಮೆಟ್ರೋ?

ಪ್ರವೇಶ ಉಚಿತ. ಬೆಳಿಗ್ಗೆಯಿಂದ ಸಂಜೆವರೆಗೂ ಓಪನ್, ಚಳಿಗಾಲದಲ್ಲಿ ಬೇಗ ಮುಚ್ತಾರೆ. ಸೆಂಟ್ರಲ್ ಸೆಕ್ರೆಟರಿಯೇಟ್, ಖಾನ್ ಮಾರ್ಕೆಟ್, ಸುಪ್ರೀಂ ಕೋರ್ಟ್ ಈ ಮೂರೂ ಮೆಟ್ರೋ ಸ್ಟೇಷನ್ ಹತ್ತಿರ, ಆದ್ರೆ ಯಾವುದ್ರಿಂದ ಬಂದ್ರೂ ಆಟೋ ಬೇಕಾಗುತ್ತೆ, ವಯಸ್ಸಾದವರಿದ್ರೆ ಅಂತೂ ನಡೆಸ್ಬೇಡಿ. ಮೇ, ಜೂನಲ್ಲಿ ಮಧ್ಯಾಹ್ನ ಆ ಕಲ್ಲಿನ ಮಧ್ಯೆ ನಿಲ್ಲೋಕಾಗಲ್ಲ.

ಸಂಜೆ ಹೋಗೋದು ಒಳ್ಳೇದು. ಸೂರ್ಯ ಮುಳುಗೋ ಹೊತ್ತಿಗೆ ಒಂದು ಕಾರ್ಯಕ್ರಮ ಇರುತ್ತೆ, ಹುತಾತ್ಮರಾದ ಒಬ್ಬರ ಮನೆಯವರು ಬಂದು ಜ್ಯೋತಿ ಹತ್ತಿರ ಹೂಗುಚ್ಛ ಇಡ್ತಾರೆ. ನಾವು ಹೋದ ದಿನ ಒಬ್ಬರು ವಯಸ್ಸಾದ ತಾಯಿ ಬಂದಿದ್ರು, ಯೂನಿಫಾರ್ಮಲ್ಲಿದ್ದ ಹುಡುಗ ಅವರ ಕೈ ಹಿಡ್ಕೊಂಡು ನಿಧಾನಕ್ಕೆ ನಡೆಸಿದ್ದ. ಆ ಹೊತ್ತಲ್ಲಿ ದಯವಿಟ್ಟು ಮೊಬೈಲ್ ಒಳಗಿಡಿ, ಸೆಲ್ಫಿಗೆ ಅಂತ ಬೇರೆ ಟೈಮಿದೆ.

ನಮ್ಮ ಊರಿನವರ ಹೆಸರು ಹುಡುಕೋದು ಹೇಗೆ?

ಅಲ್ಲೇ ಡಿಜಿಟಲ್ ಸ್ಕ್ರೀನ್ ಇದಾವೆ, ಹೆಸರು ಹಾಕಿದ್ರೆ ಗೋಡೆಯಲ್ಲಿ ಎಲ್ಲಿದೆ ಅಂತ ತೋರಿಸುತ್ತೆ. ಸ್ಮಾರಕದ ವೆಬ್‌ಸೈಟಲ್ಲೂ ಹುಡುಕಬಹುದು, ಮನೆಯಲ್ಲೇ ನೋಡ್ಕೊಂಡು ಹೋದ್ರೆ ಒಳ್ಳೇದು. ನಮ್ಮ ಕಡೆ ಹೆಸರುಗಳಿಗೆ ಒಂದು ತೊಂದರೆ ಇದೆ, ಇನಿಷಿಯಲ್ಲು. ಸೇನೆ ದಾಖಲೆಯಲ್ಲಿ ಇನಿಷಿಯಲ್ ಹಿಂದೆ ಹೋಗಿರಬಹುದು, ಬಿಡಿಸಿ ಅಪ್ಪನ ಹೆಸರೋ ಊರ ಹೆಸರೋ ಆಗಿರಬಹುದು, ಅಪ್ಪ ಅನ್ನೋದಕ್ಕೆ ಒಂದು ಪಿ ಇರಬಹುದು, ಎರಡು ಇರಬಹುದು. ರೆಜಿಮೆಂಟು, ವರ್ಷ ಗೊತ್ತಿದ್ರೆ ಬರ್ಕೊಂಡು ಹೋಗಿ. ಊರಲ್ಲಿ ಅವರ ಮನೆಯವರು ಇದ್ರೆ ಪೆನ್ಷನ್ ಪುಸ್ತಕದಲ್ಲಿ ಹೆಸರು ಹೇಗಿದೆ ಅಂತ ಕೇಳಿ, ಅದೇ ಸರಿಯಾದ ಸ್ಪೆಲಿಂಗ್.

ದೊಡ್ಡಪ್ಪ ಹುಡುಕ್ತಿದ್ದಿದ್ದು ಟ್ರೈನಿಂಗಲ್ಲಿ ಪಕ್ಕದ ಮಂಚದಲ್ಲಿ ಮಲಗ್ತಿದ್ದ ಗೆಳೆಯನ ಹೆಸರು, 1971ರಲ್ಲಿ ಹೋದವರು. ಎರಡು ಸ್ಪೆಲಿಂಗ್ ಹಾಕಿದ್ವಿ, ಬರಲಿಲ್ಲ, ದೊಡ್ಡಪ್ಪ ಬಿಡು ಮಗಾ ಹೋಗೋಣ ಅಂದ್ರು. ಮೂರನೇದ್ರಲ್ಲಿ ಬಂತು. ಇನಿಷಿಯಲ್ ಬಿಚ್ಚಿ ಊರಿನ ಹೆಸರು ಪೂರ್ತಿ ಬರೆದಿದ್ರು, ಅದು ಆ ಗೆಳೆಯನ ಊರು ಅಂತ ದೊಡ್ಡಪ್ಪಂಗೂ ಅವತ್ತೇ ಗೊತ್ತಾಗಿದ್ದು, ಅಷ್ಟು ವರ್ಷ ಬರೀ ಹೆಚ್ ಅಂತಷ್ಟೇ ಅಂದ್ಕೊಂಡಿದ್ರು. ಗೋಡೆ ಹತ್ತಿರ ಹೋಗಿ ಆ ಕಲ್ಲು ಸಿಗೋಕೆ ಇನ್ನೂ ಹದಿನೈದು ನಿಮಿಷ ಬೇಕಾಯ್ತು. ಸಿಕ್ಕ ಮೇಲೆ ಅವರು ಚಪ್ಪಲಿ ಬಿಟ್ಟು ನಿಂತ್ಕೊಂಡ್ರು.